ಗೋಡೆಯ ಹಸಿರು

ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ ಸೊಸೆ, "ಅತ್ತೆ, ಹಾಲ್‌ಗೆ ತಿಳಿಹಸಿರು, ಕಿಟಕಿಗೂ ಅದೇ ಬಣ್ಣದ ಪರದೆ" ಎಂದಳು. ಹಸಿರು ಎಂದೊಡನೆ ನನಗೆ ನೆನಪಾದದ್ದು ಇಂಗ್ಲೆಂಡ್. ಇತಿಹಾಸ ಪಾಠ ಮಾಡುವವಳ ಚಾಳಿ!

1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ತಾಮ್ರ ಮತ್ತು ಆರ್ಸೆನಿಕ್‌ನಿಂದ, ಅಂದರೆ ಪಾಷಾಣದಿಂದ, ಸೊಗಸಾದ ಹಸಿರೊಂದನ್ನು ತಯಾರಿಸಿದ. ಮುಂದಿನ ಶತಮಾನದಲ್ಲಿ ಅಂಥ ಹಸಿರು ಗೋಡೆಗೆ ಅಂಟಿಸುವ ಕಾಗದ, ಪರದೆ, ಉಡುಪುಗಳಿಗೆಲ್ಲ ಹರಡಿತು. ಕಾಗದದಿಂದ ವಿಷದ ಪುಡಿ ಉದುರುತ್ತಿತ್ತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ತೀರಿಕೊಂಡಾಗ ವೈದ್ಯರೊಬ್ಬರು ಗೋಡೆಯ ಹಸಿರು ಕಾಗದವನ್ನೇ ಶಂಕಿಸಿದರು. ಆದರೂ ಬ್ರಿಟನ್ನಿನ ಸರಕಾರ ಅದನ್ನು ನಿಷೇಧಿಸಲಿಲ್ಲ. ಕೊಳ್ಳುವವರೇ ಕೇಳತೊಡಗಿದರು. ಕೊನೆಗೆ ಪಾಷಾಣವಿಲ್ಲದ ಕಾಗದವೆಂದು ತಯಾರಕರೇ ಸಾರಿ ಮಾರಬೇಕಾಯಿತು.

ನಮ್ಮ ಕಾಲದ ಪಾಷಾಣ ಸೀಸ. ಮಕ್ಕಳ ಮಿದುಳಿಗೆ ಅದು ಕೇಡು. 2016ರ ನಿಯಮದಂತೆ ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು. ಆದರೆ ನಮ್ಮ ಕಿಟಕಿ ಸರಳಿನ ಎನಾಮಲ್ ಮೂವತ್ತು ವರ್ಷ ಹಳೆಯದು. ಮೊಮ್ಮಗ ದಿನವೂ ಬೀದಿ ನೋಡುತ್ತ ಬಾಯಿಡುವುದು ಅದೇ ಸರಳಿಗೆ! ನನಗೆ ಎದೆ ಧಸಕ್ಕೆಂದಿತು.

ಮಗುವನ್ನು ಸೊಸೆಯ ತವರಿಗೆ ಕಳಿಸಿದೆವು. "ಒಣಗಿದ್ದನ್ನು ಉಜ್ಜಬೇಡಪ್ಪ, ನೀರು ಹಚ್ಚಿ ಉಜ್ಜು" ಎಂದು ಪೇಂಟರನಿಗೆ ಹೇಳಿದೆ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ಸಣ್ಣಕ್ಷರ ಓದುತ್ತ ನಿಂತಾಗ ಅಂಗಡಿಯವನು, "ಬಣ್ಣ ನೋಡಿ ಟೀಚರ್, ಅದನ್ನೇಕೆ ಓದ್ತೀರಿ?" ಎಂದು ನಕ್ಕ. ನಾನು ಓದಿ ಮುಗಿಸಿಯೇ ದುಡ್ಡು ಕೊಟ್ಟೆ.

ಹಾಲ್‌ಗೆ ಸೊಸೆ ಕೇಳಿದ ತಿಳಿಹಸಿರೇ ಬಂತು. ಚೆನ್ನಾಗಿಯೇ ಇದೆ.