ಅಶ್ವಹೃದಯ

ನಳೋಪಾಖ್ಯಾನವನ್ನು ಬಲ್ಲವರಿಗೆ ‘ಅಶ್ವಹೃದಯ’ ಎಂಬ ಮಾತು ಹೊಸದಲ್ಲ. ರಾಜ್ಯಭ್ರಷ್ಟನಾದ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ, ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ಹಗಲಿನಲ್ಲಿ ರಥವನ್ನು ಮುಟ್ಟಿಸುತ್ತಾನೆ. ದಾರಿಯಲ್ಲಿ ಋತುಪರ್ಣನಿಂದ ಅಕ್ಷಹೃದಯವನ್ನು, ಎಂದರೆ ಜೂಜಿನ ದಾಳಗಳ ಮರ್ಮವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಅಶ್ವಹೃದಯವನ್ನು ಕೊಡಲು ಒಪ್ಪುತ್ತಾನೆ. ಆ ವಿದ್ಯೆ ಎಂಥದು, ಅದನ್ನು ಕಲಿಯುವ ಬಗೆ ಯಾವುದು ಎಂಬುದನ್ನು ಮಾತ್ರ ಕವಿ ಬಿಡಿಸಿ ಹೇಳುವುದಿಲ್ಲ. ಮಂತ್ರದಂತೆ ಅದು ಒಬ್ಬನಿಂದ ಒಬ್ಬನಿಗೆ ಕ್ಷಣಮಾತ್ರದಲ್ಲಿ ಸಂದುಹೋಗುವ ವಸ್ತು. ಕಾವ್ಯಕ್ಕೆ ಅಷ್ಟು ಸಾಕು. ಆದರೆ ಲಾಯದಲ್ಲಿ ನಿಂತು ಕುದುರೆಯ ಮೈ ತಿಕ್ಕುವವನಿಗೆ ಅಷ್ಟು ಸಾಲದು. ಅವನಿಗೆ ಬೇಕಾದ ಅಶ್ವಹೃದಯವನ್ನು ಯಾವ ರಹಸ್ಯವೂ ಇಲ್ಲದೆ, ಸಾದಾ ಗದ್ಯದಲ್ಲಿ ಬರೆದಿಟ್ಟವನೊಬ್ಬ ಗ್ರೀಸಿನಲ್ಲಿದ್ದ.

ಕುದುರೆಯ ಶಿಕ್ಷಣವನ್ನು ಕುರಿತ ಬರಹಗಳಲ್ಲಿ ಅವನದೇ ಮೊದಲನೆಯದೇನೂ ಅಲ್ಲ. ಇಂದಿನ ತುರ್ಕಿ ದೇಶದ ಬೊಗಾಜ್‌ಕೊಯ್‌ನಲ್ಲಿ, ಹಿಟ್ಟೈಟ್ ದೊರೆಗಳ ರಾಜಧಾನಿಯಾಗಿದ್ದ ಸ್ಥಳದಲ್ಲಿ, ದೊರೆತ ಮಣ್ಣಿನ ಹಲಗೆಗಳಲ್ಲಿ ಕಿಕ್ಕುಲಿ ಎಂಬ ಮಿತಾನ್ನಿ ನಾಡಿನ ಅಶ್ವಶಿಕ್ಷಕನ ಗ್ರಂಥವಿದೆ. ಅದರ ಕಾಲ ಕ್ರಿ. ಪೂ. 14ನೆಯ ಶತಮಾನ. ಅವನು ಬಳಸುವ ಪಾರಿಭಾಷಿಕ ಪದಗಳು ನಮ್ಮನ್ನು ಬೆರಗುಗೊಳಿಸುತ್ತವೆ: ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ. ಏಕ, ತ್ರಿ, ಪಂಚ, ಸಪ್ತಗಳ ಗುರುತು ಸಂಸ್ಕೃತದ ಗಾಳಿ ಸೋಕಿದ ಯಾರಿಗಾದರೂ ಹತ್ತೀತು. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕೆಂಬುದರ ಲೆಕ್ಕ ಅದು. ಯಾವ ದಿನ ಎಷ್ಟು ದೂರ, ಯಾವ ವೇಗ, ಎಷ್ಟು ಧಾನ್ಯ, ಯಾವಾಗ ನೀರು, ಯಾವಾಗ ಸ್ನಾನ ಎಂದು ತಿಂಗಳುಗಟ್ಟಲೆಯ ದಿನಚರಿಯನ್ನೇ ಅವನು ಬರೆಸಿದ್ದಾನೆ. ರಥಕ್ಕೆ ಹೂಡುವ ಕುದುರೆಯ ದೇಹವನ್ನು ಹದಗೊಳಿಸುವ ಶಾಸ್ತ್ರ ಇದು. ಕುದುರೆಯ ಮನಸ್ಸಿನ ಮಾತು ಇದರಲ್ಲಿ ಬರುವುದಿಲ್ಲ.

ಆ ಮಾತನ್ನು ಎತ್ತಿದವನು ಅಥೆನ್ಸಿನ ಕ್ಸೆನೊಫನ್. ಕ್ರಿ. ಪೂ. 430ರ ಸುಮಾರಿಗೆ ಹುಟ್ಟಿದ ಈತ ಸಾಕ್ರಟೀಸನ ಒಡನಾಡಿ. ಕ್ರಿ. ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಸೈರಸ್ಸನ ಕೂಲಿಸೈನ್ಯದಲ್ಲಿ ಸೇರಿ ಬಾಬಿಲೋನಿನ ಸಮೀಪದವರೆಗೆ ಹೋದ. ಸೈರಸ್ ಯುದ್ಧದಲ್ಲಿ ಮಡಿದ; ದಳಪತಿಗಳು ಮೋಸಕ್ಕೆ ಬಲಿಯಾದರು. ಆಗ ಅಶ್ವಬಲವಿಲ್ಲದೆ ಕಂಗೆಟ್ಟಿದ್ದ ಗ್ರೀಕ್ ಸೈನಿಕರಿಗೆ ಕ್ಸೆನೊಫನ್ ಧೈರ್ಯ ತುಂಬಿದ ರೀತಿ ಸ್ವಾರಸ್ಯವಾಗಿದೆ. ಕಾಳಗದಲ್ಲಿ ಕುದುರೆ ಕಚ್ಚಿ ಸತ್ತವರಾಗಲಿ ಒದ್ದು ಸತ್ತವರಾಗಲಿ ಇಲ್ಲ, ಕೊಲ್ಲುವವರು ಮನುಷ್ಯರೇ. ಕುದುರೆಯ ಮೇಲಿರುವವನಿಗೆ ನಮ್ಮ ಭಯದ ಜೊತೆಗೆ ಕೆಳಗೆ ಬೀಳುವ ಭಯವೂ ಇದೆ ಎಂದು ಆತ ವಾದಿಸಿದ. ಇದಾದ ಕೆಲವೇ ದಿನಗಳಲ್ಲಿ ಶತ್ರುವಿನ ಸವಾರರ ಕಾಟ ತಾಳಲಾರದೆ, ಹೊರೆ ಹೊರುತ್ತಿದ್ದ ಕುದುರೆಗಳನ್ನೂ ಆರಿಸಿಕೊಂಡು ಐವತ್ತು ಜನರ ಅಶ್ವದಳವೊಂದನ್ನು ಕಟ್ಟಬೇಕಾಯಿತು! ವಾಗ್ಮಿಯ ವಾದ ಒಂದು, ಅನುಭವ ಕಲಿಸಿದ ಪಾಠ ಮತ್ತೊಂದು.

ಮುಂದೆ ತಾಯ್ನಾಡಿನಿಂದ ಬಹಿಷ್ಕೃತನಾಗಿ ಒಲಿಂಪಿಯದ ಬಳಿಯ ಸ್ಕಿಲಸ್ ಎಂಬಲ್ಲಿ ಬೇಟೆ ಬೇಸಾಯಗಳಲ್ಲಿ ಬಹುಕಾಲ ಕಳೆದ. ವೃದ್ಧಾಪ್ಯದಲ್ಲಿ ತನ್ನ ಕಿರಿಯ ಮಿತ್ರರಿಗೆಂದು ಅಶ್ವಾರೋಹಣವನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಬರೆದ. ತನಗಿಂತ ಮುಂಚೆ ಸೈಮನ್ ಎಂಬಾತ ಈ ವಿಷಯದ ಮೇಲೆ ಬರೆದಿದ್ದನೆಂದೂ, ಆತ ಅಥೆನ್ಸಿನ ದೇವಾಲಯವೊಂದಕ್ಕೆ ಕಂಚಿನ ಕುದುರೆಯನ್ನು ಅರ್ಪಿಸಿದ್ದನೆಂದೂ ಗೌರವದಿಂದ ಸ್ಮರಿಸುತ್ತಾನೆ. ಸೈಮನ್ನನ ಗ್ರಂಥದ ಒಂದು ಭಾಗವಷ್ಟೆ ಇಂದು ಉಳಿದಿದೆ. ಕ್ಸೆನೊಫನ್ನನದು ಪೂರ್ತಿಯಾಗಿ ನಮ್ಮ ಕೈ ಸೇರಿದೆ.

ಈ ಗ್ರಂಥದ ವೈಶಿಷ್ಟ್ಯವೆಂದರೆ ಸವಾರ ಕುದುರೆಯ ಬೆನ್ನೇರುವುದಕ್ಕೆ ಬಹಳ ಮುಂಚೆಯೇ ಶಿಕ್ಷಣ ಆರಂಭವಾಗುವುದು. ಮರಿಯನ್ನು ಪಳಗಿಸುವ ಕೆಲಸವನ್ನು ಯಜಮಾನನೇ ಮಾಡಬೇಕಾಗಿಲ್ಲ. ಹುಡುಗನನ್ನು ಕುಶಲಕರ್ಮಿಯ ಬಳಿ ಕಲಿಯಲು ಬಿಡುವಾಗ ಹೇಗೆ ಕರಾರು ಬರೆಸಿಕೊಳ್ಳುತ್ತೇವೆಯೋ ಹಾಗೆಯೇ, ಯಾವ ಯಾವ ವಿದ್ಯೆ ಬಂದಿರಬೇಕೆಂದು ಬರೆಸಿಕೊಂಡು ಪಳಗಿಸುವವನಿಗೆ ಒಪ್ಪಿಸಬೇಕು ಎನ್ನುತ್ತಾನೆ. ಆದರೆ ಒಪ್ಪಿಸುವ ದಿನಕ್ಕೆ ಮರಿ ಸಾಧುವಾಗಿರಬೇಕು, ಕೈಗೆ ಒಗ್ಗಿರಬೇಕು, ಮನುಷ್ಯನನ್ನು ಪ್ರೀತಿಸುವಂತಿರಬೇಕು. ಇಲ್ಲಿ ಅವನು ಬಳಸುವ ಮೂಲಪದ ‘ಫಿಲಾಂತ್ರೋಪೊಸ್’. ಉದಾರಿಗಳಾದ ಮಹಾನುಭಾವರಿಗೆ ನಾವು ಇಂದು ಕೊಡುವ ವಿಶೇಷಣವನ್ನು ಈತ ಕುದುರೆಮರಿಗೆ ಕೊಟ್ಟಿದ್ದಾನೆ.

ಮಾನವಪ್ರೇಮ ಮರಿಯಲ್ಲಿ ಹುಟ್ಟುವುದು ಹೇಗೆ? ಕ್ಸೆನೊಫನ್ ಹೇಳುವ ಉಪಾಯ ಸರಳ. ಹಸಿವು, ಬಾಯಾರಿಕೆ, ನೊಣದ ಕಾಟ ಇವು ಮರಿಗೆ ಒಂಟಿಯಾಗಿದ್ದಾಗ ಒದಗಬೇಕು. ಮೇವು, ನೀರು, ನೊಣದಿಂದ ಬಿಡುಗಡೆ ಇವು ಮನುಷ್ಯನ ಜೊತೆಯಲ್ಲಿಯೇ ಬರಬೇಕು. ಹೀಗಾದರೆ ಮರಿ ಮನುಷ್ಯನನ್ನು ಸಹಿಸುವುದಷ್ಟೇ ಅಲ್ಲ, ಅವನಿಗಾಗಿ ಹಂಬಲಿಸುತ್ತದೆ. ಮೈದಡವುವಾಗಲೂ ವಿವೇಚನೆ ಬೇಕು: ರೋಮ ದಟ್ಟವಾಗಿರುವ ಕಡೆ, ಹಾಗೂ ತನಗೆ ತುರಿಕೆಯಾದರೆ ಮರಿ ತಾನೇ ಪರಿಹರಿಸಿಕೊಳ್ಳಲಾರದ ಕಡೆ ಕೈಯಾಡಿಸಬೇಕು. ಆಮೇಲೆ ಅದನ್ನು ಜನಜಂಗುಳಿಯ ನಡುವೆ ನಡೆಸಿಕೊಂಡು ಹೋಗಿ ಬಗೆಬಗೆಯ ನೋಟ, ಬಗೆಬಗೆಯ ಸದ್ದುಗಳ ಪರಿಚಯ ಮಾಡಿಸಬೇಕು. ಬೆದರಿದರೆ, ಅಲ್ಲಿ ಬೆದರುವಂಥದು ಏನೂ ಇಲ್ಲವೆಂಬುದನ್ನು ಗದರಿಕೆಯಿಂದಲ್ಲ, ಸಮಾಧಾನದಿಂದ ತಿಳಿಸಬೇಕು.

ಬೆದರಿದ ಕುದುರೆಯ ವಿಚಾರಕ್ಕೆ ಅವನು ಮತ್ತೆ ಬರುತ್ತಾನೆ. ಇಡೀ ಗ್ರಂಥದಲ್ಲಿ ನನಗೆ ಬಹು ಮೆಚ್ಚುಗೆಯಾದ ಭಾಗ ಅದು. ಕುದುರೆ ಯಾವುದೋ ವಸ್ತುವನ್ನು ಕಂಡು ಹೆದರಿ ಮುಂದಡಿಯಿಡದಿದ್ದಾಗ, ಮೊದಲು ಮನುಷ್ಯ ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಬಳಿಕ ಕುದುರೆಯನ್ನು ಮೆಲ್ಲನೆ ಹತ್ತಿರಕ್ಕೆ ಕರೆದೊಯ್ಯಬೇಕಂತೆ. ಹೊಡೆದು ಬಲವಂತದಿಂದ ಒಯ್ದರೆ ಭಯ ಇನ್ನಷ್ಟು ಹೆಚ್ಚುತ್ತದೆ. ಏಕೆಂದರೆ ಬಿದ್ದ ಪೆಟ್ಟಿನ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ಭಾವಿಸುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಒಬ್ಬ ದಂಡನಾಯಕ ಕುದುರೆಯ ಕಣ್ಣಿನಿಂದ ಲೋಕವನ್ನು ನೋಡಲು ಮಾಡಿದ ಪ್ರಯತ್ನ ಇದು. ಕೋಪ ಬಂದಾಗ ಕುದುರೆಯ ಬಳಿ ಸುಳಿಯಲೇಬಾರದು ಎಂಬ ಅವನ ವಿಧಿಯೂ ಇದರ ಜೊತೆಯದೇ.

ಇಷ್ಟಾದರೂ ಕ್ಸೆನೊಫನ್ನನನ್ನು ಕರುಣಾಮೂರ್ತಿಯೆಂದು ಕೊಂಡಾಡುವ ಅಗತ್ಯವಿಲ್ಲ. ಮೊನಚಾದ ಕಡಿವಾಣದ ಉಪಯೋಗವನ್ನೂ ಅವನು ಬಲ್ಲ. ಅವಿಧೇಯತೆಗೆ ದಂಡನೆಯನ್ನೂ ವಿಧಿಸುತ್ತಾನೆ. ಮಾತಿನಿಂದ ಕಲಿಸುವ ಶಕ್ತಿ ಮನುಷ್ಯ ಮನುಷ್ಯರ ನಡುವೆ ಮಾತ್ರ ಇರುವುದರಿಂದ, ಕುದುರೆಗೆ ಕಲಿಸಲು ಉಳಿದಿರುವ ಭಾಷೆ ಸುಖ ಮತ್ತು ಕಷ್ಟ ಎಂಬುದು ಅವನ ಮತ. ಹೇಳಿದಂತೆ ಮಾಡಿದ ಕೂಡಲೇ ವಿರಾಮ ಕೊಡುವುದೇ ದೊಡ್ಡ ಬಹುಮಾನ. ಇನ್ನು ಅವನ ಪ್ರಯೋಜನದೃಷ್ಟಿಯಂತೂ ಸ್ಪಷ್ಟ. ಆ ಕಾಲದ ಗ್ರೀಕರಿಗೆ ರಿಕಾಪು ಇರಲಿಲ್ಲ. ಸವಾರನ ಆಸರೆಯೆಂದರೆ ಅವನ ತೊಡೆಗಳ ಹಿಡಿತ ಮತ್ತು ಕುದುರೆಯ ಸಮ್ಮತಿ. ಮಾತು ಕೇಳದ ಕುದುರೆ ನಿರುಪಯೋಗಿ ಮಾತ್ರವಲ್ಲ, ಯುದ್ಧದಲ್ಲಿ ದ್ರೋಹಿಯ ಕೆಲಸವನ್ನೂ ಮಾಡುತ್ತದೆ ಎನ್ನುತ್ತಾನೆ. ಅವನ ಮಗ ಗ್ರಿಲಸ್ ಕ್ರಿ. ಪೂ. 362ರಲ್ಲಿ ಮ್ಯಾಂಟಿನಿಯದ ಬಳಿ ಅಶ್ವಸೈನಿಕನಾಗಿ ಹೋರಾಡುತ್ತ ಮಡಿದ. ಕುದುರೆಯ ವಿಶ್ವಾಸ ಆ ಮನೆಯವರಿಗೆ ಕಾಲಕ್ಷೇಪದ ವಿಷಯವಾಗಿರಲಿಲ್ಲ.

ನಮ್ಮ ಅರ್ಥಶಾಸ್ತ್ರದಲ್ಲಿಯೂ ಅಶ್ವಾಧ್ಯಕ್ಷನ ಪ್ರಕರಣವಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥ, ಮರಿಗೆ ಹುಟ್ಟಿದಂದಿನಿಂದ ಕೊಡಬೇಕಾದ ತುಪ್ಪ, ಹಿಟ್ಟು, ಹಾಲುಗಳ ಅಳತೆಯನ್ನು ಹೇಳಿ, ನಾಲ್ಕು ಇಲ್ಲವೆ ಐದು ವರ್ಷ ತುಂಬಿದ ಕುದುರೆಯನ್ನು ಮಾತ್ರ ಕೆಲಸಕ್ಕೆ ಯೋಗ್ಯವೆಂದು ಎಣಿಸುತ್ತದೆ. ತೀಕ್ಷ್ಣ, ಭದ್ರ, ಮಂದ ಎಂದು ಸ್ವಭಾವವನ್ನು ನೋಡಿಯೇ ಯುದ್ಧಕ್ಕೋ ಸವಾರಿಗೋ ನಿಯೋಜಿಸಬೇಕೆನ್ನುತ್ತದೆ. ಮಾತು ಆಡಳಿತದ್ದು, ಆದರೆ ಕಾಯುವ ತಾಳ್ಮೆ ಅದರಲ್ಲಿಯೂ ಇದೆ.

ಗ್ರೀಕ್ ಭಾಷೆಯ ಪರಿಚಯ ಕ್ಷೀಣಿಸಿದ ಪಶ್ಚಿಮ ಯುರೋಪಿನಲ್ಲಿ ಕ್ಸೆನೊಫನ್ನನ ಪುಸ್ತಕ ಬಹುಕಾಲ ಓದುಗರಿಲ್ಲದೆ ಉಳಿಯಿತು. 16ನೆಯ ಶತಮಾನದ ಆದಿಯಲ್ಲಿ ಇಟಲಿಯಲ್ಲಿ ಅದು ಅಚ್ಚಾಯಿತು. ಅಚ್ಚಾದ ಮಾತ್ರಕ್ಕೆ ಲಾಯದೊಳಕ್ಕೆ ಬಂದೀತೆ? 1550ರಲ್ಲಿ ನೇಪಲ್ಸಿನ ಫೆಡರಿಕೊ ಗ್ರಿಸೋನೆ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಮುಂದಕ್ಕೆ ಹೋಗಲೊಲ್ಲದ ಕುದುರೆಗೆ ಕೋಲಿನ ತುದಿಗೆ ಕಟ್ಟಿದ ಬೆಕ್ಕಿನಿಂದ ಪರಚಿಸುವ ಚಿಕಿತ್ಸೆ ಇದೆ. ಯುರೋಪಿನ ಮರ್ಯಾದಸ್ಥ ಮನೆತನಗಳು ಈ ಪುಸ್ತಕವನ್ನು ತಮ್ಮ ತಮ್ಮ ಭಾಷೆಗಳಿಗೆ ತರಿಸಿಕೊಂಡು ಓದಿದವು.

ಇದಕ್ಕೆ ಪ್ರತಿಯಾದ ದಾರಿಯನ್ನು ಹಿಡಿದವನು ಫ್ರಾನ್ಸಿನ ಪ್ಲುವಿನೆಲ್. ನೇಪಲ್ಸಿನಲ್ಲಿ ಪಿನ್ಯಾಟೆಲ್ಲಿಯ ಬಳಿ ಕಲಿತು ಬಂದು, 1594ರಲ್ಲಿ ಪ್ಯಾರಿಸಿನಲ್ಲಿ ವಿದ್ಯಾಶಾಲೆಯೊಂದನ್ನು ತೆರೆದ. 13ನೆಯ ಲೂಯಿ ದೊರೆ ಅವನ ಶಿಷ್ಯ. ದೊರೆಯೊಡನೆ ನಡೆದ ಸಂವಾದದ ರೂಪದಲ್ಲಿರುವ ಅವನ ಗ್ರಂಥ 1623ರಲ್ಲಿ, ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ ಬೆಳಕು ಕಂಡಿತು. ಕುದುರೆಯ ಕಾಲಿಗಿಂತ ತಲೆಗೆ ಕೆಲಸ ಕೊಡಬೇಕು, ಪೆಟ್ಟಿನಲ್ಲಿ ಜಿಪುಣತನ ಮುದ್ದಿನಲ್ಲಿ ಧಾರಾಳತನ ಇರಬೇಕು ಎಂಬುದು ಅವನ ಬೋಧನೆಯ ತಿರುಳು. ಬೆನ್ನ ಮೇಲೆ ಯಾರೂ ಇಲ್ಲದೆ, ಕಂಬದ ಸುತ್ತ ಹಗ್ಗದಲ್ಲಿ ನಡೆಸುತ್ತ ಪಾಠ ಆರಂಭಿಸುವುದು ಅವನ ಕ್ರಮ. ನೆಲದ ಮೇಲೆ ನಿಂತು ಕಲಿಸುವ ಪದ್ಧತಿಗೆ ಹೀಗೆ ರಾಜಮನ್ನಣೆ ಸಿಕ್ಕಿತು.

ಜನಕ್ಕೆ ಮಾತ್ರ ಇಂಥ ದಿನಗಟ್ಟಲೆಯ ದುಡಿಮೆಗಿಂತ ಒಂದು ಗಳಿಗೆಯ ಪವಾಡವೇ ಪ್ರಿಯ. ಬ್ಯುಸಿಫಲಸ್ ತನ್ನ ನೆರಳಿಗೆ ತಾನೇ ಬೆದರುತ್ತಿದೆಯೆಂದರಿತು, ಅದರ ಮುಖವನ್ನು ಸೂರ್ಯನತ್ತ ತಿರುಗಿಸಿ ಬೆನ್ನೇರಿದ ಬಾಲಕ ಅಲೆಕ್ಸಾಂಡರನ ಕಥೆಯನ್ನು ಪ್ಲುಟಾರ್ಕ್ ನಾನೂರು ವರ್ಷಗಳ ಅನಂತರ ಬರೆದ. ಕ್ಸೆನೊಫನ್ನನ ನೊಣದ ಮಾತನ್ನು ಓದದವರೂ ಅದನ್ನು ಬಲ್ಲರು. 1858ರಲ್ಲಿ ಅಮೆರಿಕದ ಜಾನ್ ರೇರಿ ಲಂಡನ್ನಿಗೆ ಬಂದು, ಯಾರನ್ನೂ ಬಳಿಗೆ ಬಿಡದ ಕ್ರೂಸರ್ ಎಂಬ ಪಂದ್ಯದ ಗಂಡುಕುದುರೆಯನ್ನು ಕೆಲವೇ ಗಂಟೆಗಳಲ್ಲಿ ಸಾಧುಗೊಳಿಸಿದಾಗಲೂ ನಗರವೇ ಮುಗಿಬಿದ್ದಿತು. ವಿಕ್ಟೋರಿಯ ರಾಣಿಯೂ ರೇರಿಯ ವಿದ್ಯೆಯನ್ನು ನೋಡಿದಳು. ಅವನು ಚಾವಟಿಯನ್ನು ನಂಬಲಿಲ್ಲ, ನಿಜ. ಆದರೆ ಮುಂಗಾಲೊಂದನ್ನು ಮಡಿಸಿ ಪಟ್ಟಿಯಿಂದ ಕಟ್ಟಿ, ಕುದುರೆ ಸೋತು ನೆಲಕ್ಕೊರಗಿದ ಮೇಲೆ ಮೈಯೆಲ್ಲ ನೇವರಿಸುತ್ತಿದ್ದ. ಅದು ಗಳಿಸಿದ್ದು ವಿಶ್ವಾಸವನ್ನೋ, ಕೈಚೆಲ್ಲಿದ ಜೀವದ ನಿರಾಸೆಯನ್ನೋ? ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ.

ಒಂದು ಮಾತು ಉಳಿದಿದೆ. ಕ್ಸೆನೊಫನ್ ವಿಧಿಸಿದ ಈ ನಿತ್ಯದ ಕೆಲಸವನ್ನೆಲ್ಲ ಮಾಡುತ್ತಿದ್ದವರು ಯಾರು? ಮೇವು ಹಾಕಿ, ನೊಣ ಓಡಿಸಿ, ಸಂತೆಯ ಗದ್ದಲದಲ್ಲಿ ಮರಿಯ ಹಗ್ಗ ಹಿಡಿದು ನಡೆದವನು ಯಜಮಾನನಲ್ಲ, ಕುದುರೆಯಾಳು. ಅಥೆನ್ಸಿನ ಸಿರಿವಂತರ ಮನೆಗಳಲ್ಲಿ ಅವನು ಸಾಮಾನ್ಯವಾಗಿ ದಾಸ. ಇದೇ ಕ್ಸೆನೊಫನ್ ಗೃಹಕೃತ್ಯವನ್ನು ಕುರಿತು ಬರೆದ ಸಂವಾದಗ್ರಂಥದಲ್ಲಿ ಇಸ್ಕೊಮಾಕಸ್ ಎಂಬ ಸಜ್ಜನ ಜಮೀನುದಾರನೊಬ್ಬ ಬರುತ್ತಾನೆ. ವಿಧೇಯತೆಯನ್ನು ಕಲಿಸುವ ಬಗೆಯನ್ನು ವಿವರಿಸುತ್ತ ಅವನು ಕುದುರೆಮರಿಯನ್ನೂ ನಾಯಿಮರಿಯನ್ನೂ ಉದಾಹರಿಸುತ್ತಾನೆ. ಮನುಷ್ಯರನ್ನು ಮಾತಿನಿಂದ ಒಪ್ಪಿಸಬಹುದು, ದಾಸರಿಗಾದರೋ ಮೃಗಗಳಿಗೆ ತಕ್ಕ ಶಿಕ್ಷಣವೇ ಸಾಕು, ಹೊಟ್ಟೆಗೆ ಬೇಕಾದ್ದನ್ನು ಕೊಟ್ಟರೆ ಅವರಿಂದ ಬಹಳ ಕೆಲಸ ತೆಗೆಯಬಹುದು ಎಂದು ಮುಗಿಸುತ್ತಾನೆ. ಕುದುರೆಗೆ ‘ಮಾನವಪ್ರೇಮಿ’ ಎಂಬ ಬಿರುದನ್ನು ಕೊಟ್ಟ ಲೇಖನಿಯೇ ಇದನ್ನೂ ಬರೆಯಿತು. ಕುದುರೆಯ ಬಳಿ ಹೋಗುವಾಗ ನೇರವಾಗಿ ಮುಂದೆಯಾಗಲಿ ಹಿಂದೆಯಾಗಲಿ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕೆಂದು ಕುದುರೆಯಾಳಿಗೆ ಎಚ್ಚರಿಕೆ ಹೇಳುವ ಆ ಪುಸ್ತಕದಲ್ಲಿ ಸೈಮನ್ನನ ಹೆಸರು ಉಂಟು, ದೇವತೆಗಳ ಹೆಸರುಂಟು. ಹಗ್ಗ ಹಿಡಿದವರ ಪೈಕಿ ಒಬ್ಬನ ಹೆಸರೂ ಇಲ್ಲ.