ಜಗನ್ಮೋಹನ ಅರಮನೆಯ ಜಪಾನಿ ಕಲೆ

ನಮ್ಮ ಬೆಳ್ಳೂರಿನಿಂದ ಮೈಸೂರಿಗೆ ಶೈಕ್ಷಣಿಕ ಪ್ರವಾಸ ಹೋದವರು ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು, ಹಲ್ದಂಕರರ ದೀಪ ಹಿಡಿದ ಹೆಣ್ಣನ್ನು ನೋಡಿ ಬಸ್ಸು ಹತ್ತುತ್ತಾರೆ. ಅಲ್ಲಿನ ಜಪಾನಿ ಕಲಾಕೃತಿಗಳು ರಾಜರ ಷೋಕಿಯ ಸಾಮಾನೆಂದೇ ಹಲವರ ಎಣಿಕೆ. ನಾನು ಒಪ್ಪುವುದಿಲ್ಲ.

1861ರ ಈ ಅರಮನೆಯಲ್ಲಿ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರ ಸ್ವೀಕಾರ ಸಮಾರಂಭ ನಡೆಯಿತು. 1915ರಲ್ಲಿ ಇದು ಚಿತ್ರಶಾಲೆಯಾಯಿತು. ಅದೇ 1902ರಲ್ಲಿ ಜಪಾನಿನ ಕಲಾವಿದ್ವಾಂಸ ಒಕಕುರ ಕಲ್ಕತ್ತೆಗೆ ಬಂದಿದ್ದರು. ಮರುವರ್ಷ ಬಂದ ಚಿತ್ರಕಾರರಾದ ತೈಕಾನ್, ಶುನ್ಸೊ ಅವರಿಂದ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೆಳುವಾಗಿ ಹರಡುವ ಕ್ರಮವನ್ನು ಕಲಿತರು. ಚೀನಾದ ಕುಂಚ, ಮಸಿಗಳ ಹಳೆಯ ಪರಂಪರೆಯೂ ಅದರ ಹಿಂದಿದೆ. ನಾಲ್ವಡಿಯವರ ನೆರವಿನಿಂದ ಕಲ್ಕತ್ತೆಗೆ ಹೋದ ಮೈಸೂರಿನ ಕೆ. ವೆಂಕಟಪ್ಪ ಅವನೀಂದ್ರರ ಶಿಷ್ಯರಾದರು. ಮಂಜು ಕವಿದ ಊಟಿಯ ಅವರ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ.