ವಿಲ್ನಾದಿಂದ ನ್ಯೂಯಾರ್ಕಿಗೆ: ಮ್ಯಾಕ್ಸ್ ವೈನ್‌ರೈಖ್ ಮತ್ತು ಯಿವೊ ಸಂಸ್ಥೆ

ದೇಶಭ್ರಷ್ಟರಾದ ಯೂರೋಪಿನ ವಿದ್ವಾಂಸರು ಅಮೆರಿಕದಲ್ಲಿ ಅಧ್ಯಾಪಕ ಪದವಿಗಳನ್ನು ಪಡೆದ ನಿದರ್ಶನಗಳು ಹಲವುಂಟು. ಆದರೆ ತಾವು ಕಟ್ಟಿದ ಸಂಸ್ಥೆಯನ್ನೇ ಹೊಸ ನಾಡಿನಲ್ಲಿ ಮತ್ತೆ ನೆಲೆಗೊಳಿಸಿದವರು ವಿರಳ. ಅಂಥವರಲ್ಲಿ ಮ್ಯಾಕ್ಸ್ ವೈನ್‌ರೈಖ್ (1894–1969) ಒಬ್ಬರು.

ಅಂದಿನ ರಷ್ಯನ್ ಸಾಮ್ರಾಜ್ಯದ ಕೂರ್ಲ್ಯಾಂಡ್ ಪ್ರಾಂತದಲ್ಲಿ ಜನಿಸಿದ ಇವರ ಮನೆಮಾತು ಜರ್ಮನ್. ಪೂರ್ವ ಯೂರೋಪಿನ ಯೆಹೂದ್ಯರ ಆಡುನುಡಿಯಾದ ಯಿಡ್ಡಿಷನ್ನು ಇವರು ತಾವಾಗಿ ವರಿಸಿದರು. 1925ರಲ್ಲಿ ಸ್ಥಾಪಿತವಾದ ಯಿವೊ ಎಂಬ ಯಿಡ್ಡಿಷ್ ಸಂಶೋಧನ ಸಂಸ್ಥೆಯು ಇವರ ಮುಂದಾಳುತನದಲ್ಲಿ ವಿಲ್ನಾ ನಗರದಲ್ಲಿ ಬೆಳೆಯಿತು. ಅದಕ್ಕೆ ರಾಜಾಶ್ರಯವಿರಲಿಲ್ಲ. ಗಾದೆ, ಹಾಡು, ಪತ್ರ, ಕರಪತ್ರಗಳನ್ನು ಊರೂರಿನ ಸಾಮಾನ್ಯ ಜನರೇ ಸಂಗ್ರಹಿಸಿ ಕಳುಹಿಸುತ್ತಿದ್ದರು. ತರುಣರಿಂದ ಆತ್ಮಕಥೆಗಳನ್ನು ಬರೆಯಿಸುವ ಸ್ಪರ್ಧೆಗಳೂ ನಡೆದುವು.

1939ರಲ್ಲಿ ಬ್ರಸೆಲ್ಸ್ ನಗರದ ಭಾಷಾವಿಜ್ಞಾನ ಸಮ್ಮೇಳನಕ್ಕೆಂದು ಹಿರಿಯ ಮಗ ಉರಿಯೇಲ್‌ನೊಡನೆ ಹೊರಟಿದ್ದಾಗ ಯುದ್ಧವು ಆರಂಭವಾಯಿತು. ವೈನ್‌ರೈಖ್‌ರು ಡೆನ್ಮಾರ್ಕಿನಲ್ಲಿ ಉಳಿದು, 1940ರ ಮಾರ್ಚಿಯಲ್ಲಿ ನ್ಯೂಯಾರ್ಕನ್ನು ಸೇರಿದರು. ಅದೇ ವರ್ಷ ಅಲ್ಲಿನ ಶಾಖೆಯು ಯಿವೊದ ಕೇಂದ್ರವೆನಿಸಿತು. ಇವರು ಅದರ ಸಂಶೋಧನ ನಿರ್ದೇಶಕರಾದರು. ಶಾಖೆಯೊಂದನ್ನು ಕೇಂದ್ರವೆಂದು ಕರೆದುದು ಅಂದು ಹೆಸರಿನ ಬದಲಾವಣೆಯಂತೆ ಮಾತ್ರ ಕಂಡಿರಬಹುದು. ಅದರ ಮಹತ್ತ್ವವು ವ್ಯಕ್ತವಾದುದು ಯುದ್ಧಾನಂತರ.

1941ರಲ್ಲಿ ಜರ್ಮನರು ವಿಲ್ನಾವನ್ನು ವಶಪಡಿಸಿಕೊಂಡರು. ಯಿವೊ ಭಂಡಾರದ ಒಂದು ಭಾಗವನ್ನು ಫ್ರಾಂಕ್‌ಫರ್ಟಿಗೆ ಸಾಗಿಸಿ, ಉಳಿದುದರಲ್ಲಿ ಬಹುಪಾಲನ್ನು ಕಾಗದದ ಗಿರಣಿಗೆ ಅಟ್ಟಿದರು. ಆ ಕೆಲಸಕ್ಕೆ ನಿಯೋಜಿತರಾದ ಯೆಹೂದ್ಯ ಬಂದಿಗಳು, ಕವಿ ಅಬ್ರಹಾಂ ಸುಟ್ಸ್‌ಕೇವರ್ ಮೊದಲಾದವರು, ಪ್ರಾಣಾಪಾಯವನ್ನೂ ಲೆಕ್ಕಿಸದೆ ಹಲವು ಹಸ್ತಪ್ರತಿಗಳನ್ನು ಬಚ್ಚಿಟ್ಟರು. ಫ್ರಾಂಕ್‌ಫರ್ಟಿಗೆ ಒಯ್ದ ಗ್ರಂಥಗಳು ಯುದ್ಧಾನಂತರ ಅಮೆರಿಕನ್ ಸೇನೆಯ ಕೈಸೇರಿದುವು. ದೋಚಿದ ವಸ್ತುವನ್ನು ಮೂಲದೇಶಕ್ಕೆ ಹಿಂದಿರುಗಿಸುವುದು ಸಾಮಾನ್ಯ ನಿಯಮ. ವಿಲ್ನಾ ಆಗ ಸೋವಿಯತ್ ಆಳ್ವಿಕೆಯಲ್ಲಿತ್ತು. ನ್ಯೂಯಾರ್ಕಿನ ಯಿವೊ ಹೊಸ ಸಂಸ್ಥೆಯಲ್ಲ, ವಿಲ್ನಾದ ಸಂಸ್ಥೆಯೇ ಎಂಬ ವಾದಕ್ಕೆ 1940ರ ನಿರ್ಧಾರವು ಆಧಾರವಾಯಿತು. 1947ರಲ್ಲಿ 420 ಪೆಟ್ಟಿಗೆಗಳು ನ್ಯೂಯಾರ್ಕಿಗೆ ಬಂದುವು. ಅವರ ಆಡಳಿತ ಜೀವನದಲ್ಲಿ ಇದಕ್ಕಿಂತ ಹಿರಿದಾದ ಸಾಧನೆಯಿಲ್ಲವೆಂದು ನನ್ನ ಅಭಿಪ್ರಾಯ.

ಭಂಡಾರ ದೊರೆಯಿತು, ಓದುಗರೆಲ್ಲಿ? ಯಿಡ್ಡಿಷ್ ನುಡಿಯುತ್ತಿದ್ದ ಲಕ್ಷಾಂತರ ಜನರು ಹತರಾಗಿದ್ದರು. ಅಮೆರಿಕದ ಯೆಹೂದ್ಯರ ಮಕ್ಕಳು ಇಂಗ್ಲಿಷಿಗೆ ಹೊರಳಿದ್ದರು. 1946ರಿಂದ ಯಿವೊ ಇಂಗ್ಲಿಷಿನಲ್ಲಿಯೂ ವಾರ್ಷಿಕ ಸಂಪುಟವನ್ನು ಹೊರಡಿಸಿತು. ಇದನ್ನು ಶರಣಾಗತಿಯೆನ್ನಲಾಗದು, ಏಕೆಂದರೆ ಯಿಡ್ಡಿಷ್ ಪತ್ರಿಕೆಯು ನಿಲ್ಲಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಇವರು ಯಿಡ್ಡಿಷಿನ ಪ್ರಾಧ್ಯಾಪಕರೂ ಆದರು. ಜರ್ಮನಿಯ ಮಾರ್ಬುರ್ಗಿನಲ್ಲಿ ಡಾಕ್ಟರೇಟ್ ಪಡೆದಿದ್ದ ಈ ವಿದ್ವಾಂಸರು 1946ರಲ್ಲಿ ‘ಹಿಟ್ಲರ್ಸ್ ಪ್ರೊಫೆಸರ್ಸ್’ ಗ್ರಂಥವನ್ನು ರಚಿಸಿ, ಯೆಹೂದ್ಯರ ಸಂಹಾರದಲ್ಲಿ ಜರ್ಮನ್ ಪಂಡಿತರ ಪಾತ್ರವನ್ನು ದಾಖಲೆಗಳಿಂದ ನಿರೂಪಿಸಿದುದನ್ನೂ ಇಲ್ಲಿ ನೆನೆಯಬೇಕು.

ಇವರ ಯಿಡ್ಡಿಷ್ ಭಾಷೆಯ ಇತಿಹಾಸವು ಮರಣಾನಂತರ, 1973ರಲ್ಲಿ, ಯಿಡ್ಡಿಷಿನಲ್ಲಿಯೇ ಅಚ್ಚಾಯಿತು. ವಿಲ್ನಾದಲ್ಲಿ ಉಳಿದ ಕಾಗದಗಳನ್ನು ಲಿಥುವೇನಿಯದ ಗ್ರಂಥಪಾಲಕ ಅಂಟಾನಾಸ್ ಉಲ್ಪಿಸ್ ಸೋವಿಯತ್ ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಇಗರ್ಜಿಯೊಂದರಲ್ಲಿ ಕಾಪಾಡಿದ್ದರು. ಎರಡು ನಗರಗಳಲ್ಲಿ ಹಂಚಿಹೋದ ಈ ಸಂಗ್ರಹವನ್ನು ಡಿಜಿಟಲ್ ರೂಪದಲ್ಲಿ ಒಂದುಗೂಡಿಸುವ ಕಾರ್ಯವು 2015ರಲ್ಲಿ ತೊಡಗಿ 2022ರಲ್ಲಿ ಮುಗಿಯಿತು.